ಸವೆದ ಪಿಸ್ಟನ್ ರಿಂಗ್, ಕಾಣದೆ ಉರಿಯುವ ಎಂಜಿನ್ ಆಯಿಲ್: ಗ್ರಾಮ ಪಂಚಾಯಿತಿ ವಾಹನಗಳ ನಿರ್ವಹಣೆ ಕುರಿತ ಅಧ್ಯಯನ ಪಾಠ

ಪಾಠದ ಉದ್ದೇಶ

ಮನೆಮನೆಯಿಂದ ಕಸ ಸಂಗ್ರಹಿಸುವ ಸ್ವಚ್ಛ ವಾಹಿನಿ, ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರ್, ವಿದ್ಯುತ್ ಇಲ್ಲದ ವೇಳೆಯಲ್ಲಿ ಪಂಪನ್ನು ನಡೆಸುವ ಡೀಸೆಲ್ ಜನರೇಟರ್ ಮುಂತಾದವು ಇಂದು ಅನೇಕ ಗ್ರಾಮ ಪಂಚಾಯಿತಿಗಳ ಸ್ವತ್ತುಗಳಾಗಿವೆ. ಇವುಗಳನ್ನು ಖರೀದಿಸುವ ಸಂದರ್ಭದಲ್ಲಿ ಸಭೆಯಲ್ಲಿ ನಡೆಯುವಷ್ಟು ಚರ್ಚೆ ಇವುಗಳ ನಿರ್ವಹಣೆಯ ಬಗ್ಗೆ ನಡೆಯುವುದು ವಿರಳ. ಎಂಜಿನ್ ಆಯಿಲ್ ಪದೇ ಪದೇ ಕಡಿಮೆಯಾಗುವುದು ಈ ನಿರ್ವಹಣೆಯಲ್ಲಿ ಎದುರಾಗುವ ಸಾಮಾನ್ಯ ಸಮಸ್ಯೆಗಳಲ್ಲೊಂದು. ಅದಕ್ಕೆ ಮುಖ್ಯ ಕಾರಣವಾದ ಪಿಸ್ಟನ್ ರಿಂಗುಗಳ ಸವೆತವನ್ನು ಸದಸ್ಯರು ಅರ್ಥಮಾಡಿಕೊಂಡು, ಆಯಿಲ್ ಬಿಲ್ಲು ಅಥವಾ ಎಂಜಿನ್ ದುರಸ್ತಿಯ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ ಆಧಾರಸಹಿತವಾಗಿ ನಿರ್ಣಯ ಕೈಗೊಳ್ಳಲು ನೆರವಾಗುವುದೇ ಈ ಪಾಠದ ಉದ್ದೇಶವಾಗಿದೆ.

1. ಸಭೆಯ ಮುಂದೆ ಬರುವ ಪ್ರಶ್ನೆ

ಒಂದು ಸಾಮಾನ್ಯ ಸನ್ನಿವೇಶವನ್ನು ಪರಿಗಣಿಸಬಹುದು. ಕಸ ಸಂಗ್ರಹಿಸುವ ವಾಹನಕ್ಕೆ ಮೊದಲು ನಿಗದಿತ ಸರ್ವೀಸ್ ವೇಳೆಯಲ್ಲಿ ಮಾತ್ರ ಆಯಿಲ್ ಹಾಕಲಾಗುತ್ತಿತ್ತು. ಈಗ ಪ್ರತಿ ತಿಂಗಳೂ ಎರಡು ಲೀಟರಿಗಿಂತ ಹೆಚ್ಚು ಆಯಿಲ್ ಕೊಂಡ ಬಿಲ್ಲು ಬರುತ್ತಿದೆ. ವಾಹನ ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಒಂದು ತೊಟ್ಟು ಆಯಿಲೂ ಬಿದ್ದಿಲ್ಲ. ಹಾಗಾದರೆ ಆಯಿಲ್ ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಸಭೆಯಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಚಾಲಕರು ಆಯಿಲನ್ನು ಮಾರಿಕೊಳ್ಳುತ್ತಿರಬಹುದೆಂಬುದು ಒಂದು. ಎಂಜಿನ್ ಕೆಲಸ ಬಂದಿದೆ, ಪೂರ್ತಿ ಬಿಚ್ಚಿ ಕಟ್ಟಿಸಬೇಕೆಂಬುದು ಇನ್ನೊಂದು. ಪರಿಶೀಲನೆ ಇಲ್ಲದೆ ಇವೆರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ಅನ್ಯಾಯವೋ ನಷ್ಟವೋ ಆಗುವ ಸಂಭವವಿದೆ. ರಾಜ್ಯದ ಹಲವು ಪಂಚಾಯಿತಿಗಳಲ್ಲಿ ಸಂಜೀವಿನಿ ಒಕ್ಕೂಟಗಳ ಸ್ವಸಹಾಯ ಸಂಘದ ಮಹಿಳೆಯರೇ ತರಬೇತಿ ಪಡೆದು ಸ್ವಚ್ಛ ವಾಹಿನಿಯನ್ನು ಚಲಾಯಿಸುತ್ತಿದ್ದಾರೆ. ಊರಿನವರ ಎದುರಿನಲ್ಲಿ ಹೊಸ ವೃತ್ತಿಗೆ ಕಾಲಿಟ್ಟ ಚಾಲಕಿಯೊಬ್ಬರ ಮೇಲೆ ಆಧಾರವಿಲ್ಲದೆ ಕಳ್ಳತನದ ಮಾತು ಬಂದರೆ ಅದು ಸುಲಭವಾಗಿ ಅಳಿಸಿಹೋಗುವುದಿಲ್ಲ. ಇನ್ನೊಂದೆಡೆ, ಕೆಲವು ನೂರು ರೂಪಾಯಿಗಳ ಬಿಡಿಭಾಗದಿಂದ ಸರಿಹೋಗಬಹುದಾದ ದೋಷಕ್ಕೆ ಹತ್ತಾರು ಸಾವಿರ ರೂಪಾಯಿ ವ್ಯಯಿಸಿದರೆ ಸಾರ್ವಜನಿಕ ಹಣ ಪೋಲಾಗುತ್ತದೆ. ಆದುದರಿಂದ ಎಂಜಿನ್ನಿನೊಳಗೆ ನಡೆಯುವುದೇನೆಂಬುದನ್ನು ಮೊದಲು ತಿಳಿಯುವುದು ಅವಶ್ಯ.

2. ಪಿಸ್ಟನ್ ರಿಂಗಿನ ಕೆಲಸ

ಎಂಜಿನ್ನಿನ ಹೃದಯಭಾಗವೆಂದರೆ ಸಿಲಿಂಡರ್ ಎಂಬ ಕೊಳವೆ. ಅದರೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಪಿಸ್ಟನ್ನಿನ ಮೇಲ್ಭಾಗದಲ್ಲಿ ಇಂಧನ ಉರಿಯುತ್ತದೆ. ಕೆಳಭಾಗದಲ್ಲಿ, ಚೇಂಬರಿನಲ್ಲಿ, ಆಯಿಲ್ ಇರುತ್ತದೆ. ಮೇಲಿನ ಬೆಂಕಿ ಕೆಳಗಿಳಿಯಬಾರದು, ಕೆಳಗಿನ ಆಯಿಲ್ ಮೇಲೇರಬಾರದು. ಈ ಎರಡರ ನಡುವಿನ ಗಡಿಯನ್ನು ಕಾಯುವುದೇ ಪಿಸ್ಟನ್ ರಿಂಗುಗಳು.

ಪಿಸ್ಟನ್ ಸಿಲಿಂಡರಿಗಿಂತ ಸ್ವಲ್ಪ ಕಿರಿದಾಗಿಯೇ ಇರಬೇಕಾಗುತ್ತದೆ. ಬಿಸಿಯಾದಾಗ ಲೋಹ ಹಿಗ್ಗುವುದರಿಂದ, ಅಂತರವಿಲ್ಲದಿದ್ದರೆ ಪಿಸ್ಟನ್ ಸಿಕ್ಕಿಹಾಕಿಕೊಂಡು ಎಂಜಿನ್ ಜಾಮ್ ಆಗುತ್ತದೆ. ಈ ಅಂತರವನ್ನು ಮುಚ್ಚಲು ಪಿಸ್ಟನ್ನಿನ ಸುತ್ತ ಕೊರೆದ ಗಾಡಿಗಳಲ್ಲಿ, ಒಂದು ಕಡೆ ಕತ್ತರಿಸಿದ ಬಳೆಯಂತಹ ಲೋಹದ ರಿಂಗುಗಳನ್ನು ಕೂರಿಸಲಾಗುತ್ತದೆ. ಬಿಡಿಯಾಗಿರುವಾಗ ರಿಂಗು ಸಿಲಿಂಡರಿಗಿಂತ ಸ್ವಲ್ಪ ಅಗಲವಾಗಿರುತ್ತದೆ. ಒತ್ತಿ ಒಳಗೆ ಸೇರಿಸಿದಾಗ ಅದು ತನ್ನದೇ ಸ್ಪ್ರಿಂಗಿನ ಬಲದಿಂದ ಹೊರಕ್ಕೆ ಒತ್ತಿ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರುತ್ತದೆ. ಹೀಗೆ ಸೀಳಿದ ಲೋಹದ ರಿಂಗನ್ನು ಇಂಗ್ಲೆಂಡಿನ ರೈಲ್ವೆ ಎಂಜಿನಿಯರ್ ಜಾನ್ ರಾಮ್ಸ್‌ಬಾಟಮ್ 1850ರ ದಶಕದಲ್ಲಿ ಉಗಿ ಎಂಜಿನ್ನುಗಳಿಗಾಗಿ ರೂಪಿಸಿದರು. ಇಂದಿನ ಎಂಜಿನ್ನುಗಳ ರಿಂಗುಗಳೂ ಅದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ಸಾಮಾನ್ಯವಾಗಿ ಒಂದು ಪಿಸ್ಟನ್ನಿಗೆ ಮೂರು ರಿಂಗುಗಳಿರುತ್ತವೆ. ಮೇಲಿನ ಎರಡು ಕಂಪ್ರೆಷನ್ ರಿಂಗುಗಳು. ಉರಿಯುವ ಅನಿಲದ ಒತ್ತಡವನ್ನು ತಡೆಯುವುದು ಇವುಗಳ ಮುಖ್ಯ ಕೆಲಸ. ಕೆಳಗಿನದು ಆಯಿಲ್ ರಿಂಗು. ಸಿಲಿಂಡರಿನ ಗೋಡೆಗೆ ಸಿಡಿದ ಆಯಿಲನ್ನು ಅದು ಕೆರೆದು, ತನ್ನಲ್ಲಿರುವ ಸೀಳುಗಳ ಮೂಲಕ ಮರಳಿ ಚೇಂಬರಿಗೆ ಇಳಿಸುತ್ತದೆ. ಆದರೆ ಎಲ್ಲ ಆಯಿಲನ್ನೂ ಕೆರೆಯುವುದಿಲ್ಲ. ಗೋಡೆಯ ಮೇಲೆ ಅತ್ಯಂತ ತೆಳುವಾದ ಪದರವೊಂದು ಉಳಿಯಲೇಬೇಕು. ಇಲ್ಲವಾದರೆ ಲೋಹ ಲೋಹವನ್ನು ಉಜ್ಜುತ್ತದೆ. ಆ ಪದರದ ಅತಿ ಸಣ್ಣ ಅಂಶವು ಪ್ರತಿ ಸುತ್ತಿನಲ್ಲಿಯೂ ಉರಿದುಹೋಗುತ್ತದೆ. ಹೀಗಾಗಿ ಹೊಸ ಎಂಜಿನ್ ಕೂಡ ಸ್ವಲ್ಪ ಆಯಿಲನ್ನು ವ್ಯಯಿಸುತ್ತದೆ.

ಊರಿನ ಕೈಪಂಪಿನ ಉದಾಹರಣೆಯಿಂದ ಇದನ್ನು ಸುಲಭವಾಗಿ ಗ್ರಹಿಸಬಹುದು. ಕೈಪಂಪಿನ ಸಿಲಿಂಡರಿನೊಳಗೆ ಬಟ್ಟಲಿನಾಕಾರದ ವಾಷರ್ ಇರುತ್ತದೆ. ಅದು ಗೋಡೆಗೆ ಬಿಗಿಯಾಗಿ ಕೂತಿರುವವರೆಗೆ ನೀರು ಮೇಲೆ ಬರುತ್ತದೆ. ವಾಷರ್ ಸವೆದಾಗ ಹಿಡಿಕೆಯನ್ನು ಎಷ್ಟು ಒತ್ತಿದರೂ ನೀರು ಅದರ ಪಕ್ಕದಿಂದ ಕೆಳಕ್ಕೆ ಜಾರುತ್ತದೆ. ಪಿಸ್ಟನ್ ರಿಂಗು ಸವೆದಾಗಲೂ ನಡೆಯುವುದು ಇಂತಹುದೇ ಜಾರುವಿಕೆ. ಆದರೆ ಇಲ್ಲಿ ಅದು ಎರಡೂ ದಿಕ್ಕಿನಲ್ಲಿ ನಡೆಯುತ್ತದೆ: ಅನಿಲ ಕೆಳಕ್ಕೆ, ಆಯಿಲ್ ಮೇಲಕ್ಕೆ.

3. ಸವೆತದಿಂದ ಆಯಿಲ್ ಮೇಲೇರುವ ಬಗೆ

ರಿಂಗುಗಳ ಸುತ್ತಮುತ್ತಲಿನ ಸವೆತವು ನಾಲ್ಕು ರೀತಿಯಲ್ಲಿ ಆಯಿಲಿಗೆ ದಾರಿ ಮಾಡಿಕೊಡುತ್ತದೆ.

ಒಂದನೆಯದಾಗಿ, ರಿಂಗಿನ ಹೊರಮುಖ ಸವೆದಂತೆ ಅದರ ಸ್ಪ್ರಿಂಗಿನ ಬಲ ಕುಂದುತ್ತದೆ. ಗೋಡೆಯ ಮೇಲಿನ ಒತ್ತಡ ಕಡಿಮೆಯಾಗಿ, ಕೆರೆಯಬೇಕಾದ ಆಯಿಲ್ ದಪ್ಪ ಪದರವಾಗಿ ಉಳಿದು ಮೇಲಿನ ಬೆಂಕಿಗೆ ಸಿಕ್ಕಿ ಉರಿಯುತ್ತದೆ.

ಎರಡನೆಯದಾಗಿ, ರಿಂಗಿನ ಎರಡು ತುದಿಗಳ ನಡುವಿನ ಸಂದು ಅಗಲವಾಗುತ್ತದೆ. ಸಣ್ಣ ಎಂಜಿನ್ನಿನ ಹೊಸ ರಿಂಗಿನಲ್ಲಿ ಈ ಸಂದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇರುತ್ತದೆ. ರಿಂಗಿನ ಹೊರಮುಖ ಸುತ್ತಲೂ 0.1 ಮಿಲಿಮೀಟರ್ ಸವೆಯಿತೆಂದುಕೊಂಡರೆ, ಗೋಡೆಯನ್ನು ಮುಟ್ಟಲು ರಿಂಗು ಅಷ್ಟು ಹೊರಕ್ಕೆ ಬಿಚ್ಚಿಕೊಳ್ಳಬೇಕು; ಆಗ ತುದಿಗಳ ಸಂದು ಸುಮಾರು 0.6 ಮಿಲಿಮೀಟರ್ ಹೆಚ್ಚಾಗುತ್ತದೆ. ಅಂದರೆ ಕಣ್ಣಿಗೆ ಕಾಣದಷ್ಟು ಸವೆತವು ಸಂದನ್ನು ಎರಡು ಪಟ್ಟಿಗಿಂತ ಹೆಚ್ಚು ಅಗಲ ಮಾಡಬಲ್ಲದು.

ಮೂರನೆಯದಾಗಿ, ರಿಂಗು ಕೂರುವ ಗಾಡಿಯೂ ಸವೆಯುತ್ತದೆ. ಗಾಡಿ ಅಗಲವಾದಾಗ ರಿಂಗು ಅದರೊಳಗೆ ಮೇಲೆ ಕೆಳಗೆ ಅಲುಗಾಡುತ್ತದೆ. ಪಿಸ್ಟನ್ ಇಳಿಯುವಾಗ ರಿಂಗಿನ ಕೆಳಗೂ ಹಿಂದೆಯೂ ಆಯಿಲ್ ತುಂಬಿಕೊಳ್ಳುತ್ತದೆ. ಪಿಸ್ಟನ್ ಏರುವಾಗ ಆ ಆಯಿಲ್ ಹಿಂಡಲ್ಪಟ್ಟು ರಿಂಗಿನ ಮೇಲ್ಭಾಗಕ್ಕೆ ದಾಟುತ್ತದೆ. ಹೀಗೆ ರಿಂಗೇ ಒಂದು ಸಣ್ಣ ಪಂಪಿನಂತೆ ವರ್ತಿಸಿ ಆಯಿಲನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಸಾಗಿಸುತ್ತದೆ.

ನಾಲ್ಕನೆಯದಾಗಿ, ಸಿಲಿಂಡರಿನ ಗೋಡೆ ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಶಾಖ ಹೆಚ್ಚಾಗಿಯೂ ಆಯಿಲ್ ಕಡಿಮೆಯಾಗಿಯೂ ಇರುವ ಮೇಲ್ಭಾಗದಲ್ಲಿ ಸವೆತ ಹೆಚ್ಚು. ಪಿಸ್ಟನ್ ಪಕ್ಕಕ್ಕೆ ಒತ್ತುವ ದಿಕ್ಕಿನಲ್ಲಿ ಗೋಡೆ ಮೊಟ್ಟೆಯಾಕಾರವಾಗುತ್ತದೆ. ದುಂಡಗಿನ ರಿಂಗು ದುಂಡಗಿಲ್ಲದ ಗೋಡೆಯನ್ನು ಪೂರ್ತಿಯಾಗಿ ಮುಟ್ಟಲಾರದು. ಈ ಕಾರಣದಿಂದಲೇ ಸವೆದ ಸಿಲಿಂಡರಿಗೆ ಹೊಸ ರಿಂಗನ್ನು ಮಾತ್ರ ಹಾಕಿಸಿದರೆ ಹೆಚ್ಚು ದಿನ ಪ್ರಯೋಜನ ದೊರೆಯುವುದಿಲ್ಲ.

ಇದೇ ವೇಳೆ ಮೇಲಿನ ಬಿಸಿ ಅನಿಲವು ರಿಂಗುಗಳ ಪಕ್ಕದಿಂದ ಚೇಂಬರಿಗೆ ಇಳಿಯುತ್ತದೆ. ಅದರೊಂದಿಗೆ ಬರುವ ಮಸಿ ಆಯಿಲನ್ನು ಬೇಗ ಕೆಡಿಸುತ್ತದೆ. ಕೆಟ್ಟ ಆಯಿಲು ಸವೆತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅನಿಲದ ಒತ್ತಡದಿಂದ ಆಯಿಲ್ ಸೀಲುಗಳ ಬಳಿ ಜಿನುಗಲಾರಂಭಿಸುತ್ತದೆ. ಸೀಲನ್ನು ಎರಡು ಮೂರು ಬಾರಿ ಬದಲಾಯಿಸಿದರೂ ಸೋರಿಕೆ ನಿಲ್ಲದಿದ್ದರೆ, ಮೂಲ ದೋಷ ರಿಂಗಿನಲ್ಲಿರಬಹುದೆಂದು ಸಂಶಯಿಸಬೇಕು.

4. ಪ್ರಮಾಣದ ಲೆಕ್ಕ

ನೆಲದ ಮೇಲೆ ಬೀಳದೆ, ಯಾರ ಕಣ್ಣಿಗೂ ಕಾಣದೆ ತಿಂಗಳಿಗೆ ಎರಡೂವರೆ ಲೀಟರ್ ಆಯಿಲ್ ಉರಿದುಹೋಗಲು ಸಾಧ್ಯವೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡಬಹುದು.

ಎಂಜಿನ್ ನಿಮಿಷಕ್ಕೆ ಸರಾಸರಿ 1,500 ಸುತ್ತು ತಿರುಗುತ್ತದೆ, ದಿನಕ್ಕೆ 6 ಗಂಟೆ ಚಾಲೂ ಇರುತ್ತದೆ ಎಂದು ಭಾವಿಸೋಣ. ದಿನದ ಒಟ್ಟು ಸುತ್ತುಗಳು 5,40,000. ದಿನಕ್ಕೆ 100 ಮಿಲಿಲೀಟರ್ ಆಯಿಲ್ ಕಡಿಮೆಯಾಗುತ್ತಿದ್ದರೆ, 25 ಕೆಲಸದ ದಿನಗಳಿಗೆ ಎರಡೂವರೆ ಲೀಟರ್ ಆಗುತ್ತದೆ. ಒಂದು ಹನಿ ಎಂದರೆ ಸುಮಾರು 0.05 ಮಿಲಿಲೀಟರ್, 100 ಮಿಲಿಲೀಟರಿನಲ್ಲಿ ಅಂತಹ 2,000 ಹನಿಗಳಿವೆ. ಆ ಪ್ರಕಾರ ಎಂಜಿನ್ 270 ಸುತ್ತು ತಿರುಗಿದಾಗ ಒಂದು ಹನಿ ಉರಿದರೆ ಸಾಕು. ಎರಡು ಸಿಲಿಂಡರಿನ ಎಂಜಿನ್ನಾದರೆ ಒಂದೊಂದು ಸಿಲಿಂಡರಿಗೆ 540 ಸುತ್ತಿಗೆ ಒಂದೇ ಹನಿ. ಇಷ್ಟು ಅಲ್ಪ ಪ್ರಮಾಣ ಹೊಗೆಯೊಂದಿಗೆ ಬೆರೆತು ಹೋಗುವಾಗ ಅದನ್ನು ಗಮನಿಸುವವರು ಕಡಿಮೆ. ಆದರೆ ತಿಂಗಳ ಕೊನೆಯ ಬಿಲ್ಲಿನಲ್ಲಿ ಅದು ಸ್ಪಷ್ಟವಾಗಿ ಕಾಣಿಸುತ್ತದೆ.

ಈ ಲೆಕ್ಕದಿಂದ ಚಾಲಕರು ನಿರ್ದೋಷಿಗಳೆಂದು ತಾನಾಗಿ ಸಿದ್ಧವಾಗುವುದಿಲ್ಲ. ಆಯಿಲ್ ದುರುಪಯೋಗವಾಗುವುದೇ ಇಲ್ಲವೆಂದೂ ಅರ್ಥವಲ್ಲ. ಬಿಲ್ಲಿನ ಮೊತ್ತ ಹೆಚ್ಚಾದುದು ಮಾತ್ರವೇ ದುರುಪಯೋಗಕ್ಕೆ ಸಾಕ್ಷಿಯಾಗಲಾರದು ಎಂಬುದಷ್ಟೇ ಇದರ ತಾತ್ಪರ್ಯ. ಸಾಕ್ಷಿ ಬೇಕಾದರೆ ಅಳತೆ ಮಾಡಬೇಕು.

5. ಸ್ವಚ್ಛ ವಾಹಿನಿಯ ರಿಂಗುಗಳು ಬೇಗ ಸವೆಯಲು ಕಾರಣಗಳು

ಧೂಳು: ರಸ್ತೆಯ ಧೂಳಿನಲ್ಲಿರುವ ಮರಳಿನ ಕಣಗಳು ರಿಂಗಿನ ಲೋಹಕ್ಕಿಂತ ಗಡಸು. ಏರ್ ಫಿಲ್ಟರ್ ಹರಿದಿದ್ದರೆ, ಸರಿಯಾಗಿ ಕೂತಿಲ್ಲದಿದ್ದರೆ ಅಥವಾ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿರುಕುಬಿಟ್ಟಿದ್ದರೆ ಈ ಕಣಗಳು ಸಿಲಿಂಡರನ್ನು ಸೇರುತ್ತವೆ. ಅಲ್ಲಿ ಅವು ಆಯಿಲಿನೊಂದಿಗೆ ಬೆರೆತು ಉಪ್ಪುಕಾಗದದಂತೆ ಗೋಡೆಯನ್ನೂ ರಿಂಗನ್ನೂ ಉಜ್ಜುತ್ತವೆ. ಕಸ ವಿಲೇವಾರಿ ಘಟಕದ ಮಣ್ಣಿನ ದಾರಿಯಲ್ಲಿ ದಿನವೂ ಓಡಾಡುವ ವಾಹನಕ್ಕೆ ಈ ಅಪಾಯ ಹೆಚ್ಚು.

ನಿಂತು ನಿಂತು ಸಾಗುವ ಓಟ: ಕಸದ ವಾಹನ ಪ್ರತಿ ಮನೆಯ ಮುಂದೆಯೂ ನಿಲ್ಲುತ್ತದೆ. ಎಂಜಿನ್ ಚಾಲೂ ಇದ್ದರೂ ಕೆಲಸದ ಭಾರ ಇರುವುದಿಲ್ಲ. ಡೀಸೆಲ್ ಎಂಜಿನ್ ದೀರ್ಘಕಾಲ ಹೀಗೆ ಭಾರವಿಲ್ಲದೆ ಓಡಿದರೆ ಸಾಕಷ್ಟು ಬಿಸಿಯಾಗುವುದಿಲ್ಲ, ರಿಂಗಿನ ಹಿಂದೆ ಅನಿಲದ ಒತ್ತಡವೂ ಸಾಲುವುದಿಲ್ಲ. ಇಂಧನ ಅರೆಬರೆಯಾಗಿ ಉರಿದು ಮಸಿ ಕಟ್ಟುತ್ತದೆ. ಮಸಿ ಗಾಡಿಯಲ್ಲಿ ತುಂಬಿದಾಗ ರಿಂಗು ಅಲುಗಾಡದೆ ಅಂಟಿಕೊಳ್ಳುತ್ತದೆ. ಆಯಿಲನ್ನು ಹಿಡಿದಿಡಲೆಂದು ಸಿಲಿಂಡರಿನ ಗೋಡೆಯ ಮೇಲೆ ಗೀರಿರುವ ಸೂಕ್ಷ್ಮ ಗೆರೆಗಳು ಮುಚ್ಚಿ ಗೋಡೆ ಗಾಜಿನಂತೆ ನುಣುಪಾಗುತ್ತದೆ. ಪರೀಕ್ಷೆಗೆಂದು ವಾರಕ್ಕೊಮ್ಮೆ ಪಂಪಿನ ಭಾರ ಹಾಕದೆ ಖಾಲಿ ಓಡಿಸುವ ಜನರೇಟರಿಗೂ ಇದೇ ತೊಂದರೆ ಸಂಭವಿಸುತ್ತದೆ.

ಆಯಿಲ್ ಬದಲಾವಣೆಯ ವಿಳಂಬ: ಸರ್ವೀಸ್ ಅವಧಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಮಾತ್ರ ನೋಡುವುದು ಸಾಮಾನ್ಯ. ಕಸದ ವಾಹನ ದಿನಕ್ಕೆ ಓಡುವ ದೂರ ಕಡಿಮೆ, ಎಂಜಿನ್ ಚಾಲೂ ಇರುವ ಗಂಟೆಗಳು ಹೆಚ್ಚು. ಕಿಲೋಮೀಟರ್ ತುಂಬುವಷ್ಟರಲ್ಲಿ ಆಯಿಲ್ ಹಳತಾಗಿ ಮಸಿಯಿಂದ ತುಂಬಿರುತ್ತದೆ. ಆದುದರಿಂದ ತಯಾರಕರ ಕೈಪಿಡಿಯಲ್ಲಿ ಸೂಚಿಸಿದ ಕಿಲೋಮೀಟರ್ ಹಾಗೂ ತಿಂಗಳುಗಳಲ್ಲಿ ಯಾವುದು ಮೊದಲು ಬರುವುದೋ ಅದನ್ನೇ ಪಾಲಿಸಬೇಕು.

ಅತಿ ಶಾಖ ಮತ್ತು ಕಡಿಮೆ ಆಯಿಲ್: ರೇಡಿಯೇಟರಿನಲ್ಲಿ ನೀರು ಕಡಿಮೆಯಾಗಿ ಎಂಜಿನ್ ಒಮ್ಮೆ ಅತಿಯಾಗಿ ಬಿಸಿಯಾದರೂ ರಿಂಗು ತನ್ನ ಸ್ಪ್ರಿಂಗಿನ ಬಲವನ್ನು ಕಳೆದುಕೊಳ್ಳಬಹುದು. ಆಯಿಲ್ ಮಟ್ಟ ಕೆಳಗಿನ ಗುರುತಿಗಿಂತ ಇಳಿದರೆ ಸಿಲಿಂಡರಿನ ಗೋಡೆಗಿಂತ ಮೊದಲು ಬೇರಿಂಗುಗಳೇ ಹಾಳಾಗುವ ಅಪಾಯವಿದೆ.

6. ಲಕ್ಷಣಗಳನ್ನು ಗುರುತಿಸುವುದು

ಆಯಿಲ್ ಕಡಿಮೆಯಾದ ಮಾತ್ರಕ್ಕೆ ರಿಂಗು ಸವೆದಿದೆಯೆಂದು ತೀರ್ಮಾನಿಸಬಾರದು. ಕೆಳಗಿನ ವ್ಯತ್ಯಾಸಗಳನ್ನು ಗಮನಿಸಬೇಕು.

ಅ) ಎಂಜಿನ್ ಬಿಸಿಯಾದ ನಂತರವೂ, ಏರು ಹತ್ತುವಾಗ ಅಥವಾ ವೇಗ ಹೆಚ್ಚಿಸುವಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ರಿಂಗು ಸವೆದಿರುವ ಸಂಭವ ಹೆಚ್ಚು.

ಆ) ರಾತ್ರಿಯಿಡೀ ನಿಂತ ವಾಹನವನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ಮಾತ್ರ ನೀಲಿ ಹೊಗೆ ಬಂದು ಬಳಿಕ ನಿಂತರೆ ವಾಲ್ವ್ ಸೀಲುಗಳನ್ನು ಮೊದಲು ಪರೀಕ್ಷಿಸಬೇಕು. ವಾಲ್ವ್ ಸೀಲಿನ ಬೆಲೆ ಅಲ್ಪ. ಅದಕ್ಕಾಗಿ ಇಡೀ ಎಂಜಿನ್ ಬಿಚ್ಚಬೇಕಾಗಿಲ್ಲ.

ಇ) ಕಪ್ಪು ಹೊಗೆಯು ಇಂಧನ ಪೂರ್ತಿ ಉರಿಯುತ್ತಿಲ್ಲವೆಂಬುದರ ಸೂಚನೆ. ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಇಂಜೆಕ್ಟರಿನ ದೋಷ ಇದಕ್ಕೆ ಕಾರಣವಾಗಿರಬಹುದು.

ಈ) ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಬ್ರೀದರ್ ಪೈಪಿನಿಂದ ಬಿಸಿ ಅನಿಲ ಒತ್ತಡದಿಂದ ಹೊರಬರುತ್ತಿದ್ದರೆ ಅನಿಲವು ರಿಂಗುಗಳನ್ನು ದಾಟಿ ಕೆಳಗಿಳಿಯುತ್ತಿದೆಯೆಂದು ಊಹಿಸಬಹುದು. ಈ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್ ಮಾಡಬೇಕು.

ಉ) ಟರ್ಬೊ ಅಳವಡಿಸಿದ ಎಂಜಿನ್ನಿನಲ್ಲಿ ಟರ್ಬೊದ ಸೀಲು ಹಾಳಾದರೂ ಆಯಿಲ್ ಉರಿಯುತ್ತದೆ.

ಊ) ಆಯಿಲ್ ಮಟ್ಟ ಕಡಿಮೆಯಾಗುವ ಬದಲು ಏರುತ್ತಿದ್ದರೆ ಸಂತೋಷಪಡುವಂತಿಲ್ಲ. ಡೀಸೆಲ್ ಅಥವಾ ನೀರು ಆಯಿಲಿಗೆ ಸೇರುತ್ತಿದೆಯೆಂದು ತಿಳಿದು ವಾಹನವನ್ನು ಕೂಡಲೇ ಪರೀಕ್ಷೆಗೆ ಒಳಪಡಿಸಬೇಕು.

ಖಚಿತ ತೀರ್ಮಾನಕ್ಕೆ ಕಂಪ್ರೆಷನ್ ಪರೀಕ್ಷೆ ಅಗತ್ಯ. ಪ್ರತಿ ಸಿಲಿಂಡರಿಗೂ ಗೇಜ್ ಜೋಡಿಸಿ ಎಂಜಿನ್ನನ್ನು ತಿರುಗಿಸಿ ಒತ್ತಡವನ್ನು ಅಳೆಯಲಾಗುತ್ತದೆ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಅತ್ಯಲ್ಪ ಆಯಿಲ್ ಹಾಕಿ ಮತ್ತೊಮ್ಮೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗಿನಲ್ಲಿದೆ; ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿದೆ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಹೆಚ್ಚಾದರೆ ಎಂಜಿನ್ನಿಗೇ ಹಾನಿಯಾಗುವುದರಿಂದ ಇದನ್ನು ತರಬೇತಿ ಪಡೆದ ತಂತ್ರಜ್ಞರಿಂದಲೇ ಮಾಡಿಸಬೇಕು.

7. ಆಯಿಲ್ ವಹಿ: ಒಂದು ತಿಂಗಳ ಅಳತೆ

ಪ್ರತಿ ವಾಹನದ ಲಾಗ್ ಪುಸ್ತಕದಲ್ಲಿ ಆಯಿಲಿಗಾಗಿ ಪ್ರತ್ಯೇಕ ಪುಟವಿರಬೇಕು. ಅನುಸರಿಸಬೇಕಾದ ಕ್ರಮ ಹೀಗಿದೆ.

• ವಾಹನವನ್ನು ಪ್ರತಿ ಬಾರಿಯೂ ಒಂದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಆಯಿಲ್ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ಮಟ್ಟವನ್ನು ನೋಡಬೇಕು.

• ಮೊದಲ ದಿನ ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ, ಕಿಲೋಮೀಟರ್ ಮತ್ತು ದಿನಾಂಕವನ್ನು ಬರೆದುಕೊಳ್ಳಬೇಕು. ಜನರೇಟರಿಗೆ ಓಡಿದ ಗಂಟೆಗಳನ್ನು ಬರೆಯಬೇಕು.

• ನಂತರ ಆಯಿಲ್ ಸೇರಿಸುವಾಗಲೆಲ್ಲ ಅಳತೆಯ ಮಗ್ಗಿನಿಂದಲೇ ಹಾಕಿ ಮಿಲಿಲೀಟರಿನಲ್ಲಿ ದಾಖಲಿಸಬೇಕು. ಚಾಲಕರೊಂದಿಗೆ ಪಂಚಾಯಿತಿಯ ಒಬ್ಬ ಸಿಬ್ಬಂದಿಯೂ ಸಹಿ ಮಾಡಬೇಕು.

• ಮೇಲಿನ ಗುರುತನ್ನು ಮೀರಿ ಎಂದಿಗೂ ತುಂಬಬಾರದು. ಹೆಚ್ಚಾದ ಆಯಿಲ್ ಬ್ರೀದರ್ ಮೂಲಕ ಎಂಜಿನ್ ಉಸಿರಾಡುವ ಗಾಳಿಗೆ ಸೇರಿದರೆ, ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಉರಿಸಿ, ಕೀ ತಿರುಗಿಸಿದರೂ ನಿಲ್ಲದೆ ವೇಗವಾಗಿ ಓಡುವ ಅಪಾಯವಿದೆ.

• 1,000 ಕಿಲೋಮೀಟರ್ ಅಥವಾ ಒಂದು ತಿಂಗಳ ನಂತರ ಒಟ್ಟು ಬಳಕೆಯನ್ನು ಲೆಕ್ಕ ಹಾಕಿ ತಯಾರಕರ ಕೈಪಿಡಿಯಲ್ಲಿ ತಿಳಿಸಿದ ಮಿತಿಯೊಂದಿಗೆ ಹೋಲಿಸಬೇಕು.

ಇಬ್ಬರ ಸಹಿಯೊಂದಿಗೆ ಅಳೆದು ಹಾಕಿದ ಆಯಿಲೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತಿದ್ದರೆ ಅದನ್ನು ಎಂಜಿನ್ನೇ ವ್ಯಯಿಸುತ್ತಿದೆ ಎಂಬುದು ಸ್ಥಿರಪಡುತ್ತದೆ. ಅಳತೆ ಆರಂಭವಾದೊಡನೆ ಬಳಕೆ ಏಕಾಏಕಿ ಇಳಿದುಹೋದರೆ ಹಿಂದಿನ ಬಿಲ್ಲುಗಳನ್ನು ಪರಿಶೀಲಿಸಲು ಸಭೆಗೆ ಸಕಾರಣ ದೊರೆಯುತ್ತದೆ. ಎರಡೂ ಸಂದರ್ಭಗಳಲ್ಲಿ ಸಭೆಯು ದಾಖಲೆಯ ಆಧಾರದ ಮೇಲೆ ಮಾತನಾಡುತ್ತದೆ. ಪ್ರಾಮಾಣಿಕ ಚಾಲಕರಿಗೆ ಇಂತಹ ವಹಿಯೇ ರಕ್ಷಣೆ.

8. ದುರಸ್ತಿಯ ನಿರ್ಣಯ

ರಿಂಗು ಸವೆದಿದೆಯೆಂದು ಖಚಿತವಾದ ಮೇಲೂ ತಕ್ಷಣ ಎಂಜಿನ್ ಬಿಚ್ಚಿಸಲೇಬೇಕೆಂಬ ನಿಯಮವಿಲ್ಲ. ಆಯಿಲಿನ ದರ ಲೀಟರಿಗೆ 400 ರೂಪಾಯಿ, ದುರಸ್ತಿಯ ಅಂದಾಜು 35,000 ರೂಪಾಯಿ ಎಂದು ಉದಾಹರಣೆಗಾಗಿ ಭಾವಿಸೋಣ. ತಿಂಗಳಿಗೆ ಎರಡೂವರೆ ಲೀಟರಿನಂತೆ ಆಯಿಲಿನ ಖರ್ಚು 1,000 ರೂಪಾಯಿ. ಕೇವಲ ಆಯಿಲಿನ ಉಳಿತಾಯದಿಂದ ದುರಸ್ತಿಯ ಹಣ ಮರಳಿ ಬರಲು 35 ತಿಂಗಳು ಬೇಕು. ಈ ಲೆಕ್ಕವನ್ನಷ್ಟೇ ನೋಡಿದರೆ ಆಯಿಲ್ ಸೇರಿಸುತ್ತಾ ಓಡಿಸುವುದೇ ಲಾಭವೆನಿಸುತ್ತದೆ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಕಂಪ್ರೆಷನ್ ಕುಗ್ಗಿದಂತೆ ಡೀಸೆಲ್ ಬಳಕೆ ಹೆಚ್ಚುತ್ತದೆ. ಬೆಳಗಿನ ಚಳಿಯಲ್ಲಿ ಎಂಜಿನ್ ಚಾಲೂ ಆಗಲು ತಡವಾಗಿ ಬ್ಯಾಟರಿ ಮತ್ತು ಸ್ಟಾರ್ಟರ್ ಬೇಗ ಹಾಳಾಗುತ್ತವೆ. ಬಿಎಸ್-6 ವಾಹನಗಳಲ್ಲಿ ಉರಿದ ಆಯಿಲಿನ ಬೂದಿ ಹೊಗೆ ಶುದ್ಧೀಕರಿಸುವ ಸಾಧನದಲ್ಲಿ ಸೇರಿಕೊಂಡು, ರಿಂಗಿಗಿಂತ ದುಬಾರಿಯಾದ ಭಾಗವನ್ನೇ ಕೆಡಿಸುತ್ತದೆ. ಒಂದು ದಿನ ಆಯಿಲ್ ನೋಡಲು ಮರೆತರೆ ಬೇರಿಂಗು ಹಿಡಿದು ಎಂಜಿನ್ ಪೂರ್ತಿ ನಿರುಪಯುಕ್ತವಾಗಬಹುದು. ವಾಹನ ಎರಡು ವಾರ ನಿಂತರೆ ಕಸ ಚರಂಡಿ ಸೇರುತ್ತದೆ, ಸೊಳ್ಳೆ ಹೆಚ್ಚುತ್ತದೆ, ಮನೆಯಲ್ಲೇ ಹಸಿಕಸ ಒಣಕಸ ಬೇರ್ಪಡಿಸುವ ಅಭ್ಯಾಸ ತಪ್ಪುತ್ತದೆ. ತಪ್ಪಿದ ಅಭ್ಯಾಸವನ್ನು ಮತ್ತೆ ರೂಢಿಗೆ ತರುವ ಶ್ರಮವನ್ನು ಯಾವ ಬಿಲ್ಲಿನಲ್ಲೂ ತೋರಿಸಲಾಗದು.

ಆದುದರಿಂದ ಬಳಕೆ ಕೈಪಿಡಿಯ ಮಿತಿಯೊಳಗಿದ್ದು ಸ್ಥಿರವಾಗಿದ್ದರೆ ನಿಗಾ ಇಟ್ಟು ಓಡಿಸಬಹುದು. ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಅಥವಾ ಕಂಪ್ರೆಷನ್ ಮಿತಿಗಿಂತ ಕೆಳಗಿಳಿದಿದ್ದರೆ, ಬದಲಿ ವಾಹನದ ಏರ್ಪಾಡು ಮಾಡಿಕೊಂಡು ದುರಸ್ತಿಯ ದಿನವನ್ನು ಸಭೆಯೇ ನಿಗದಿಪಡಿಸುವುದು ವಿವೇಕಯುತ. ಕೆಟ್ಟು ನಿಂತ ಮೇಲೆ ಮಾಡಿಸುವ ದುರಸ್ತಿಯಲ್ಲಿ ದರ ಕೇಳಿ ಹೋಲಿಸಲು ಸಮಯವಿರುವುದಿಲ್ಲ.

ದುರಸ್ತಿಯ ಪ್ರಸ್ತಾವನೆಯಲ್ಲಿ ಈ ಅಂಶಗಳು ಲಿಖಿತವಾಗಿರಬೇಕು: ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳತೆ, ಬಿಚ್ಚಿದ ಬಳಿಕ ಸಿಲಿಂಡರಿನ ಮೇಲ್ಭಾಗ, ಮಧ್ಯಭಾಗ ಮತ್ತು ಕೆಳಭಾಗದ ವ್ಯಾಸ, ರಿಂಗು ಮಾತ್ರ ಸಾಕೇ, ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬೇಕೇ, ಲೈನರ್ ಬದಲಾಯಿಸಬೇಕೇ ಎಂಬ ವಿವರಣೆ, ಬಿಡಿಭಾಗ ಮತ್ತು ಕೂಲಿಯ ಪ್ರತ್ಯೇಕ ದರ, ಕೆಲಸಕ್ಕೆ ನೀಡುವ ಖಾತರಿಯ ಅವಧಿ. ವ್ಯಾಸದ ಅಳತೆ ಬಿಚ್ಚಿದ ಮೇಲೆಯೇ ದೊರೆಯುವುದರಿಂದ, ಅಂದಾಜು ಹೆಚ್ಚಾದಲ್ಲಿ ಪಂಚಾಯಿತಿಯ ಒಪ್ಪಿಗೆ ಪಡೆದೇ ಮುಂದುವರಿಯಬೇಕೆಂಬ ಷರತ್ತನ್ನು ಮೊದಲೇ ವಿಧಿಸಬೇಕು. ಬದಲಾಯಿಸಿದ ಹಳೆಯ ರಿಂಗು, ಪಿಸ್ಟನ್ನುಗಳನ್ನು ಪಂಚಾಯಿತಿಗೆ ಮರಳಿಸಬೇಕೆಂಬ ಷರತ್ತೂ ಇರಲಿ. ಖರೀದಿ ಮತ್ತು ಸೇವೆಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅವಕಾಶಗಳು ಅನ್ವಯಿಸುವ ಬಗೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರು ಸಭೆಗೆ ವಿವರಿಸುವುದು ಸೂಕ್ತ.

ದಪ್ಪ ಆಯಿಲ್ ಬಳಸುವುದು ಅಥವಾ ಹೊಗೆ ನಿಲ್ಲಿಸುವ ದ್ರಾವಣ ಬೆರೆಸುವುದು ಸವೆದ ಲೋಹವನ್ನು ಮರಳಿ ತರುವುದಿಲ್ಲ. ಅದು ಲಕ್ಷಣವನ್ನು ಕೆಲಕಾಲ ಮರೆಮಾಚುತ್ತದೆ ಅಷ್ಟೇ. ಹೊಸ ರಿಂಗು ಹಾಕಿಸಿದ ಬಳಿಕ ಅದು ಗೋಡೆಗೆ ಹೊಂದಿಕೊಳ್ಳುವವರೆಗೆ ಅತಿ ಭಾರ ಹೇರಬಾರದು. ನಿಂತಲ್ಲೇ ದೀರ್ಘಕಾಲ ಓಡಿಸಲೂ ಬಾರದು. ಮೊದಲ ಆಯಿಲನ್ನು ಸೂಚಿಸಿದ ಅವಧಿಯಲ್ಲಿಯೇ ಬದಲಾಯಿಸಬೇಕು.

9. ಸವೆತವನ್ನು ಮುಂದೂಡುವ ಕ್ರಮಗಳು

ರಿಂಗು ಸವೆಯುವುದನ್ನು ಪೂರ್ತಿಯಾಗಿ ತಡೆಯಲಾಗದು, ಆದರೆ ವರ್ಷಗಟ್ಟಲೆ ಮುಂದೂಡಬಹುದು. ಏರ್ ಫಿಲ್ಟರನ್ನು ವಾರಕ್ಕೊಮ್ಮೆ ನೋಡಬೇಕು, ಧೂಳನ್ನು ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿಯಿಂದ ಊದಬೇಕು, ನೆಲಕ್ಕೆ ಬಡಿಯಬಾರದು. ಹರಿದ ಫಿಲ್ಟರನ್ನು ಅದೇ ದಿನ ಬದಲಾಯಿಸಬೇಕು. ಒಂದೇ ಕಡೆ ಹಲವು ನಿಮಿಷ ನಿಲ್ಲಬೇಕಾದಲ್ಲಿ ಎಂಜಿನ್ ನಿಲ್ಲಿಸಬೇಕು. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲನ್ನೇ ಬಿಲ್ಲಿನೊಂದಿಗೆ ಕೊಳ್ಳಬೇಕು. ಜನರೇಟರನ್ನು ಪರೀಕ್ಷಿಸುವಾಗ ಪಂಪಿನ ಭಾರ ಹಾಕಿಯೇ ಓಡಿಸಬೇಕು. ಚಾಲಕರಿಗೆ ಪ್ರತಿ ಬೆಳಿಗ್ಗೆ ಆಯಿಲ್ ಮತ್ತು ರೇಡಿಯೇಟರ್ ನೀರನ್ನು ನೋಡುವ ಸಮಯವನ್ನು ಕೆಲಸದ ಅವಧಿಯೊಳಗೇ ನೀಡಬೇಕು.

ಬದಲಾಯಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವುದು, ಸೌದೆಯೊಂದಿಗೆ ಸುಡುವುದು ಕೂಡದು. 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳ ವ್ಯಾಪ್ತಿಗೆ ಅದು ಬರುತ್ತದೆ. ಮುಚ್ಚಳವಿರುವ ಡಬ್ಬದಲ್ಲಿ ಸಂಗ್ರಹಿಸಿ, ಅಧಿಕೃತವಾಗಿ ಸಂಸ್ಕರಿಸುವವರಿಗೆ ತಲುಪುವಂತೆ ನೋಡಿಕೊಳ್ಳಬೇಕು. ಊರಿನ ಕಸವನ್ನು ವಿಂಗಡಿಸಲು ಜನರಿಗೆ ಹೇಳುವ ಪಂಚಾಯಿತಿಯು ತನ್ನ ವಾಹನದ ತ್ಯಾಜ್ಯದಲ್ಲಿಯೂ ಅದೇ ಶಿಸ್ತನ್ನು ಪಾಲಿಸುವುದು ಉಚಿತ.

10. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1) ಪಂಚಾಯಿತಿಯ ಪ್ರತಿ ಎಂಜಿನ್ನಿಗೂ ತಯಾರಕರ ಕೈಪಿಡಿ ಕಚೇರಿಯಲ್ಲಿ ಲಭ್ಯವಿದೆಯೇ? ಅದರಲ್ಲಿ ಆಯಿಲ್ ಬಳಕೆಯ ಮಿತಿ ಎಷ್ಟೆಂದು ತಿಳಿಸಲಾಗಿದೆ?

2) ಕಳೆದ 12 ತಿಂಗಳಲ್ಲಿ ಪ್ರತಿ ವಾಹನಕ್ಕೆ ಎಷ್ಟು ಲೀಟರ್ ಆಯಿಲ್ ಕೊಳ್ಳಲಾಗಿದೆ? ಅದರಲ್ಲಿ ಸರ್ವೀಸಿಗೆ ಎಷ್ಟು, ನಡುವೆ ಸೇರಿಸಿದ್ದು ಎಷ್ಟು?

3) ಏರ್ ಫಿಲ್ಟರನ್ನು ಕೊನೆಯ ಬಾರಿ ಬದಲಾಯಿಸಿದ ದಿನಾಂಕ ಯಾವುದು?

4) ಚಾಲಕರಿಗೆ ಆಯಿಲ್ ಕಡ್ಡಿ ನೋಡುವ, ವಹಿ ಬರೆಯುವ ತರಬೇತಿ ನೀಡಲಾಗಿದೆಯೇ? ವಾಹನದ ದೋಷವನ್ನು ಅವರು ಭಯವಿಲ್ಲದೆ ಕಚೇರಿಗೆ ತಿಳಿಸುವ ವಾತಾವರಣವಿದೆಯೇ?

5) ವಾಹನ ದುರಸ್ತಿಗೆ ಹೋದ ದಿನಗಳಲ್ಲಿ ಕಸ ಸಂಗ್ರಹಣೆಗೆ ಬದಲಿ ಏರ್ಪಾಡು ಏನು?

ಮೊದಲ ಹೆಜ್ಜೆಯಾಗಿ ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ವಾಹನದ ಲಾಗ್ ಪುಸ್ತಕದಲ್ಲಿ ಆಯಿಲ್ ಪುಟವನ್ನು ತೆರೆದು, ಒಂದು ಲೀಟರಿನ ಅಳತೆಯ ಮಗ್ಗೊಂದನ್ನು ಒದಗಿಸಬಹುದು. ಒಂದು ತಿಂಗಳ ಅಳತೆಯನ್ನು ಸಭೆಯ ಮುಂದಿಟ್ಟ ನಂತರವೇ ಆಯಿಲ್ ಬಿಲ್ಲಿನ ಹೆಚ್ಚಳದ ಕುರಿತಾಗಲಿ ಎಂಜಿನ್ ದುರಸ್ತಿಯ ಕುರಿತಾಗಲಿ ನಿರ್ಣಯ ಕೈಗೊಳ್ಳುವುದು ಅಪೇಕ್ಷಣೀಯ.